ಚರ್ಚಿನೊಳಗೆ ಕ್ಯಾಮೆರಾ ನೆಲದ ಮೇಲೇ ಇರಲಿ: ಮೂರು ಬಗೆಯ ವಿಡಿಯೊಗಳ ಹೋಲಿಕೆ

ದುಡ್ಡು ಕೊಟ್ಟು ತಂದ ಸಾಕ್ಷ್ಯಚಿತ್ರದ ಸೆಟ್ ಕಪಾಟು ಸೇರಿ ಆರು ತಿಂಗಳಾಯಿತು. ಯುರೋಪಿನ ಹಳೆಯ ಕ್ಯಾಥೊಲಿಕ್ ಚರ್ಚುಗಳನ್ನು ನಾನೀಗ ನೋಡುವುದು ಬೇರೆ ರೀತಿಯ ವಿಡಿಯೊಗಳಲ್ಲಿ. ಯಾರೋ ಒಬ್ಬರು ಕ್ಯಾಮೆರಾ ಹಿಡಿದು ಬಾಗಿಲಿನಿಂದ ಬಲಿಪೀಠದವರೆಗೆ ಸುಮ್ನೆ ನಡೆದಿರುತ್ತಾರೆ. ಮಾತಿಲ್ಲ, ಸಂಗೀತವಿಲ್ಲ, ಎಲ್ಲೂ ಕತ್ತರಿ ಬಿದ್ದಿರುವುದಿಲ್ಲ. ಇವುಗಳ ಜೊತೆ 360 ಡಿಗ್ರಿ ವರ್ಚುವಲ್ ಟೂರ್‌ಗಳನ್ನೂ, ಅಂದರೆ ಪರದೆಯ ಮೇಲೆ ನಾವೇ ಸುತ್ತಲೂ ತಿರುಗಿಸಿ ನೋಡುವ ಚಿತ್ರಗಳನ್ನೂ, ನೋಡಿದ್ದೇನೆ.

ಸೆಟ್‌ನ ಚಿತ್ರ ತುಂಬಾ ಸ್ಪಷ್ಟ, ವಿವರಣೆಯೂ ಚೆನ್ನಾಗಿದೆ. ನನ್ನ ತಕರಾರು ಒಂದೇ. ನೋಡುವವರು ನಿಲ್ಲುವ ಜಾಗದಲ್ಲಿ ಕ್ಯಾಮೆರಾ ನಿಲ್ಲುವುದೇ ಇಲ್ಲ.

ರೋಮ್‌ನ ಸಾಂತ್ ಇನ್ಯಾತ್ಸಿಯೊ ಚರ್ಚಿಗೆ ಗುಮ್ಮಟವಿಲ್ಲ. ಇರುವುದು ಗುಮ್ಮಟದ ಚಿತ್ರ. ಆಂದ್ರೆಯಾ ಪೊಝೊ 1685ರಲ್ಲಿ ಅದನ್ನು ಚಪ್ಪಟೆ ಕ್ಯಾನ್ವಾಸಿನ ಮೇಲೆ ಬಿಡಿಸಿದ. ಚಾವಣಿಯ ಉದ್ದಕ್ಕೂ ಅವನದೇ ಇನ್ನೊಂದು ಚಿತ್ರವಿದೆ. ಅದರಲ್ಲಿ ಗೋಡೆಯ ಕಂಬಗಳು ಇನ್ನೂ ಮೇಲಕ್ಕೆ ಬೆಳೆದು ತೆರೆದ ಆಕಾಶ ಮುಟ್ಟುತ್ತವೆ. ಎಲ್ಲಿ ನಿಂತು ನೋಡಬೇಕು ಎಂದು ನೆಲದಲ್ಲೇ ಗುರುತು ಹಾಕಿದ್ದಾರೆ. ಚಾವಣಿಗೆ ಒಂದು, ಗುಮ್ಮಟಕ್ಕೆ ಇನ್ನೊಂದು. ಆ ಗುರುತಿನ ಮೇಲೆ ನಿಂತವರಿಗಾಗಿಯೇ ಬರೆದ ಚಿತ್ರ ಅದು.

ಸೆಟ್‌ನಲ್ಲಿ ಮಾತ್ರ ಕ್ಯಾಮೆರಾ ಒಳಗೆ ಬಂದದ್ದೇ ಮೇಲಕ್ಕೆ ತೇಲುತ್ತದೆ. ಚಾವಣಿ ಹತ್ತಿರವಾದಷ್ಟೂ ಕಂಬಗಳು ವಾಲುತ್ತವೆ. ಗುಮ್ಮಟ ಮಸುಕು ಬಣ್ಣದ ಬಟ್ಟೆಯಾಗಿ ಉಳಿಯುತ್ತದೆ. ಅಷ್ಟರಲ್ಲಿ ದೃಶ್ಯ ಬದಲು. ಮೂರು ಸಲ ಹಿಂದೆ ಹೋಗಿ ಹುಡುಕಿದೆ, ನೆಲದಿಂದ ತೆಗೆದ ಒಂದು ಶಾಟ್ ಕೂಡ ಸಿಗಲಿಲ್ಲ. 'ಇದೊಂದು ಕಣ್ಕಟ್ಟು' ಎಂದು ವಿವರಣೆ ಹೇಳುತ್ತದೆ, ಆದರೆ ನಮ್ಮ ಕಣ್ಣಿಗೆ ಅದು ಕಟ್ಟುವುದೇ ಇಲ್ಲ. ನನಗೆ ನಿಜಕ್ಕೂ ಬೇಜಾರಾಯಿತು.

ಅದೇ ಚರ್ಚಿನ ನಡಿಗೆಯ ವಿಡಿಯೊ ಹಾಕಿದೆ. ಆ ವ್ಯಕ್ತಿ ಗುರುತಿನ ಮೇಲೆ ನಿಂತು ನಿಧಾನವಾಗಿ ಕ್ಯಾಮೆರಾ ಎತ್ತಿದರು. ಗುಮ್ಮಟ ಆಳವಾಗಿ, ದುಂಡಗೆ, ಕಟ್ಟಿದ್ದೇ ಎನ್ನುವ ಹಾಗೆ ಕಂಡಿತು. ಆಮೇಲೆ ಕ್ಯಾಮೆರಾ ಇಳಿಸದೆ ಮುಂದೆ ನಡೆದರು. ಗುಮ್ಮಟ ಒಂದು ಕಡೆಗೆ ಜಾರಿತು, ಚಪ್ಪಟೆಯಾಯಿತು. ಕಟ್ಟಿದ್ದೂ ಕೆಡವಿದ್ದೂ ಒಂದೇ ಶಾಟ್‌ನಲ್ಲಿ! ಪುಸ್ತಕದ ಫೋಟೊದಲ್ಲಿ ಇದು ಆಗದ ಮಾತು. ಚರ್ಚ್ ನೋಡಲು ವಿಡಿಯೊ ಬೇಕಾಗುವುದೇ ಇದಕ್ಕೆ ಅಲ್ವಾ?

ದೂರ ತಿಳಿಯುವುದೂ ನಡಿಗೆಯಲ್ಲೇ. ವ್ಯಾಟಿಕನ್‌ನ ಸೇಂಟ್ ಪೀಟರ್ಸ್ ಬೆಸಿಲಿಕಾದ ಒಳ ಉದ್ದ ಸುಮಾರು 186 ಮೀಟರ್. ಅಲ್ಲಿ ಬಲಿಪೀಠದ ಮೇಲಿರುವ, ಶಿಲ್ಪಿ ಬೆರ್ನಿನಿಯ ಕಂಚಿನ ಮಂಟಪ ಬಾಗಿಲಿನಿಂದ ಪುಟ್ಟದಾಗಿ ಕಾಣುತ್ತದೆ. ನಡೆದಷ್ಟೂ ಬೆಳೆಯುತ್ತದೆ. ಹತ್ತಿರ ಹೋದಾಗ ಅದು ಸುಮಾರು 29 ಮೀಟರ್ ಎತ್ತರವಿದೆ ಎಂದು ಮೈಗೇ ಗೊತ್ತಾಗುತ್ತದೆ. ಹೆಜ್ಜೆ ಸದ್ದು ಕೂಡ ಜಾಗದ ಅಳತೆ ಹೇಳುತ್ತದೆ. ವಾಸ್ತುಶಿಲ್ಪಿ ಬೊರೊಮಿನಿ ರೋಮ್‌ನಲ್ಲಿ ಕಟ್ಟಿದ ಸಾನ್ ಕಾರ್ಲೊ ಪುಟ್ಟ ಚರ್ಚ್, ಅಲ್ಲಿ ಸದ್ದು ಬೇಗ ವಾಪಸ್ ಬರುತ್ತದೆ. ಸೆಟ್‌ನಲ್ಲಿ ಎರಡಕ್ಕೂ ಒಂದೇ ಸಂಗೀತ.

ಬಣ್ಣದ ಗಾಜಿನ ವಿಷಯದಲ್ಲಿ ಸೆಟ್ಟೇ ಮೇಲು, ಒಪ್ಪುತ್ತೇನೆ. ಪ್ಯಾರಿಸ್‌ನ ಸೇಂಟ್ ಶಾಪೆಲ್‌ನಲ್ಲಿ 15 ದೊಡ್ಡ ಕಿಟಕಿಗಳು, 1,113 ದೃಶ್ಯಗಳು. ನಡಿಗೆಯ ವಿಡಿಯೊದಲ್ಲಿ ಒಂದೋ ಗಾಜು ಬೆಳ್ಳಗಾಗುತ್ತದೆ, ಇಲ್ಲವೇ ಗೋಡೆ ಕಪ್ಪಾಗುತ್ತದೆ. ಮೇಲಿನ ಸಾಲಿನ ದೃಶ್ಯಗಳು ಬಿಡಿಬಿಡಿಯಾಗಿ ಕಂಡಿದ್ದು ನನಗೆ ಸೆಟ್‌ನಲ್ಲೇ.

360 ಡಿಗ್ರಿ ಟೂರ್ ವ್ಯಾಟಿಕನ್‌ನ ಸಿಸ್ಟೈನ್ ಚಾಪೆಲ್‌ಗೆ ಸಾಕು. ಅಲ್ಲಿ ಪ್ರವಾಸಿಗರು ಚಿತ್ರೀಕರಿಸುವಂತಿಲ್ಲ, ಹಾಗಾಗಿ ನಡಿಗೆಯ ವಿಡಿಯೊಗಳನ್ನು ನೆಚ್ಚಿಕೊಳ್ಳುವ ಹಾಗಿಲ್ಲ. ಬೇರೆ ಕಡೆ ನನಗೆ ಹಿಡಿಸಲಿಲ್ಲ. ಒಂದು ಬಿಂದುವಿನಿಂದ ಇನ್ನೊಂದಕ್ಕೆ ನೆಗೆಯುತ್ತದೆ, ನಡುವಿನ ದಾರಿಯೇ ಇಲ್ಲ.

ನಾನು ರಾತ್ರಿ ಊಟವಾದ ಮೇಲೆ ದಿನಕ್ಕೊಂದು ಚರ್ಚ್ ನೋಡುವವಳು, ಇಪ್ಪತ್ತು ನಿಮಿಷ. ಇಷ್ಟವಾದದ್ದನ್ನು ಮತ್ತೆ ಮತ್ತೆ ನೋಡುತ್ತೇನೆ. ವಾರಕ್ಕೊಮ್ಮೆ ಕೂತು ಇತಿಹಾಸ ಕೇಳಬೇಕು ಅನ್ನುವವರಿಗೆ ಸೆಟ್ ಸರಿಹೋಗಬಹುದು. ನಾನು ಅದರ ಎರಡನೇ ಭಾಗಕ್ಕೆಂದು ಎತ್ತಿಟ್ಟಿದ್ದ ದುಡ್ಡಿನಲ್ಲಿ ಒಳ್ಳೆಯ ಹೆಡ್‌ಫೋನ್ ಕೊಂಡೆ. ಹೆಜ್ಜೆ ಸದ್ದು ಈಗ ಇನ್ನೂ ಚೆನ್ನಾಗಿ ಕೇಳುತ್ತದೆ.