ಲಾಡ್ಜಿನಲ್ಲಿ ಕೊಟ್ಟ ಪುಡಿ, ನಾಲಿಗೆ ಕೆಳಗಿನ ಮಾತ್ರೆ

ನನಗೀಗ 64. ಇದನ್ನು ಬರೆಯಲು ಎಂಟು ತಿಂಗಳು ಹಿಂದೆಮುಂದೆ ನೋಡಿದೆ. ಎದೆನೋವಿಗೆ ಮಾತ್ರೆ ತೆಗೆದುಕೊಳ್ಳುವ ನನ್ನ ವಯಸ್ಸಿನವರು ಯಾರಾದರೂ ಗುಟ್ಟಾಗಿ 'ಶಕ್ತಿ' ಪುಡಿ ತಿನ್ನುತ್ತಿದ್ದರೆ ಇವತ್ತೇ ನಿಲ್ಲಿಸಲಿ ಅಂತ ಬರೆಯುತ್ತಿದ್ದೇನೆ.

58ರ ಹೊತ್ತಿಗೆ ನಿಮಿರುವಿಕೆ ಕಡಿಮೆಯಾಗುತ್ತಾ ಬಂತು. ಬರಬರುತ್ತಾ ಆಸೆಯೂ ಕುಂದಿತು. ವಯಸ್ಸಾಯಿತು ಅಂದುಕೊಂಡೆ. ರಾತ್ರಿ ಊಟವಾದ ಮೇಲೆ ಬೇಕೆಂದೇ ಟೀವಿ ಮುಂದೆ ಕೂತಿರುತ್ತಿದ್ದೆ, ಹೆಂಡತಿಗೆ ನಿದ್ದೆ ಹತ್ತಲಿ ಅಂತ. ಶುಗರ್ ಮೊದಲಿಂದಲೂ ಇತ್ತು. 61ಕ್ಕೆ ಎದೆನೋವು ಶುರುವಾಯಿತು. ನೋವು ಬಂದಾಗ ನಾಲಿಗೆ ಕೆಳಗಿಡಲು ಸಾರ್ಬಿಟ್ರೇಟ್ ಬರೆದುಕೊಟ್ಟರು. ತೋರಿಸಲು ಹೋದಾಗಲೆಲ್ಲ ಡಾಕ್ಟರು "ಬೇರೇನಾದ್ರೂ ತೊಂದರೆ ಇದೆಯಾ?" ಅಂತ ಕೇಳುತ್ತಿದ್ದರು. ಪಕ್ಕದಲ್ಲಿ ಮಗಳಿರುತ್ತಿದ್ದಳು. "ಏನಿಲ್ಲ ಸರ್" ಅನ್ನುತ್ತಿದ್ದೆ.

ಆಗ ಕಣ್ಣಿಗೆ ಬಿದ್ದದ್ದು ಆ ಜಾಹೀರಾತು. ತಿಂಗಳಿಗೊಂದು ದಿನ ದಾವಣಗೆರೆಯ ಲಾಡ್ಜಿನಲ್ಲಿ 'ಖ್ಯಾತ ವೈದ್ಯರು' ಸಿಗುತ್ತಾರೆ ಅಂತ ಇತ್ತು. ಹೋದೆ. ನಾಡಿ ಹಿಡಿದು ನೋಡಿದ. ಗಾಜಿನ ಶೀಶೆ ಕೊಟ್ಟು ಮೂತ್ರ ತರಿಸಿದ. ಅದಕ್ಕೆ ಯಾವುದೋ ದ್ರವದ ಎರಡು ಹನಿ ಬಿಟ್ಟ. ಹಾಲಿನಂತೆ ಬೆಳ್ಳಗಾಯಿತು. ಶೀಶೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, "ನೋಡ್ರಿ ಯಜಮಾನ್ರೇ, ಧಾತು ಎಲ್ಲಾ ಹಿಂಗ ಹೊಂಟೈತಿ" ಅಂದ, ವೀರ್ಯ ಸೋರಿಹೋಗುತ್ತಿದೆ ಅಂತ. ಮೂವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಕಲಿಸಿದ ನಾನು, ಅದು ಯಾವ ದ್ರವ ಅಂತ ಕೇಳಲಿಲ್ಲ. ನಾಚಿಕೆ ಬಾಯಿ ಕಟ್ಟಿತ್ತು. 18,500 ರೂಪಾಯಿ ಎಣಿಸಿಕೊಟ್ಟೆ. ಎದೆನೋವಿನ ಮಾತ್ರೆಯ ವಿಷಯ ಹೇಳಿದ್ದಕ್ಕೆ, "ಇದು ಬರೀ ಗಿಡಮೂಲಿಕೆ, ಏನೂ ಆಗಂಗಿಲ್ಲ. ನಿಮ್ಮ ಡಾಕ್ಟರಿಗೆ ಹೇಳಾಕ ಹೋಗಬ್ಯಾಡ್ರಿ" ಅಂದ.

ಡಬ್ಬಿಯ ಮೇಲೆ ಕುದುರೆಯ ಚಿತ್ರ ಬಿಟ್ಟರೆ ಏನೂ ಇರಲಿಲ್ಲ. ತಯಾರಿಸಿದವರ ಹೆಸರಿಲ್ಲ, ಲೈಸೆನ್ಸ್ ನಂಬರಿಲ್ಲ, ತಾರೀಕಿಲ್ಲ.

ಪುಡಿ ಕೆಲಸ ಮಾಡಿತು. ನಾನು ಮೋಸ ಹೋದದ್ದು ಅದಕ್ಕೇ. ಒಂದು ಗಂಟೆಯೊಳಗೆ ಪರಿಣಾಮ ಕಾಣುತ್ತಿತ್ತು, ಜೊತೆಗೆ ಮುಖ ಬಿಸಿಯಾಗಿ ತಲೆನೋವು. ನಾಲ್ಕನೇ ಸಲ ತೆಗೆದುಕೊಂಡ ರಾತ್ರಿ ಎದೆ ಹಿಡಿದುಕೊಂಡಿತು. ಅಭ್ಯಾಸದಂತೆ ಸಾರ್ಬಿಟ್ರೇಟ್ ನಾಲಿಗೆ ಕೆಳಗಿಟ್ಟೆ. ನೀರು ಕುಡಿಯಲು ಎದ್ದವನು ಅಡುಗೆಮನೆಯ ಹೊಸ್ತಿಲಲ್ಲೇ ಬಿದ್ದೆ.

ಆಸ್ಪತ್ರೆ ಮುಟ್ಟಿದಾಗ ಮೇಲಿನ ಬಿಪಿ 70. ಕಾಲು ಎತ್ತರಿಸಿ ಸಲೈನ್ ಹಾಕಿದರು. ಡ್ಯೂಟಿ ಡಾಕ್ಟರು, "ಬೇರೆ ಏನಾದ್ರೂ ಔಷಧಿ ತಗೊಂಡಿದ್ದೀರಾ?" ಅಂದರು. ಅಷ್ಟೆಲ್ಲ ಆದ ಮೇಲೂ ಇಲ್ಲ ಅಂದೆ. ಆಗ ನನ್ನ ಹೆಂಡತಿ ವ್ಯಾನಿಟಿ ಬ್ಯಾಗಿನಿಂದ ಆ ಡಬ್ಬಿ ತೆಗೆದು ಟೇಬಲ್ಲಿನ ಮೇಲಿಟ್ಟಳು. ಅಲ್ಮೇರಾದಲ್ಲಿ ಪಂಚೆಗಳ ಹಿಂದೆ ಬಚ್ಚಿಟ್ಟಿದ್ದು ಅವಳಿಗೆ ಮೊದಲೇ ಗೊತ್ತಿತ್ತಂತೆ. ಮತ್ತೆ ಎದೆನೋವು ಅಂದರೂ ಸಾರ್ಬಿಟ್ರೇಟ್ ಜಾತಿಯ ಮಾತ್ರೆ ಕೊಡಬಾರದು ಅಂತ ಡಾಕ್ಟರು ಆಗಲೇ ಕೇಸ್ ಶೀಟಿನಲ್ಲಿ ಕೆಂಪು ಶಾಯಿಯಲ್ಲಿ ಬರೆದರು.

ಮರುದಿನ ಬಿಡಿಸಿ ಹೇಳಿದರು. ಗಿಡಮೂಲಿಕೆ ಅಂತ ಮಾರುವ ಇಂಥ ಪುಡಿಗಳಲ್ಲಿ ವಯಾಗ್ರಾದಲ್ಲಿರುವ ಸಿಲ್ಡೆನಾಫಿಲ್ ಬೆರೆಸುವುದು ಮತ್ತೆ ಮತ್ತೆ ಪತ್ತೆಯಾಗಿದೆ. ನನ್ನ ಪುಡಿಯನ್ನು ಲ್ಯಾಬಿಗೆ ಕಳಿಸಲಿಲ್ಲ, ಆದರೆ ಗಂಟೆಯೊಳಗೆ ಹಾಗೆ ಕೆಲಸ ಮಾಡಿದ್ದು ನೋಡಿದರೆ ಅವರಿಗೆ ಅದೇ ಅನುಮಾನ. ಸಾರ್ಬಿಟ್ರೇಟ್ ನೈಟ್ರೇಟ್ ಗುಂಪಿನದು. ಅದೂ ರಕ್ತನಾಳ ಹಿಗ್ಗಿಸುತ್ತದೆ, ಸಿಲ್ಡೆನಾಫಿಲ್ಲೂ ಹಿಗ್ಗಿಸುತ್ತದೆ. ಎರಡೂ ಸೇರಿದರೆ ಬಿಪಿ ಪಾತಾಳಕ್ಕೆ ಇಳಿಯುತ್ತದೆ, ಜೀವವೂ ಹೋಗಬಹುದು. ಸಿಲ್ಡೆನಾಫಿಲ್ ನುಂಗಿದ ಮೇಲೆ 24 ಗಂಟೆ, ಅದೇ ಜಾತಿಯ ಟಡಾಲಾಫಿಲ್ ಆದರೆ 48 ಗಂಟೆ ನೈಟ್ರೇಟ್ ಮುಟ್ಟುವಂತಿಲ್ಲ. ಒಳಗೆ ಏನಿದೆ ಅಂತಲೇ ಗೊತ್ತಿಲ್ಲದ ಪುಡಿ ತಿಂದವನು ಯಾವ ಗಂಟೆ ಲೆಕ್ಕ ಹಾಕುತ್ತಾನೆ?

ನನ್ನನ್ನು ಇವತ್ತಿಗೂ ಕೊರೆಯುವ ಮಾತು ಇನ್ನೊಂದಿದೆ. ಶಿಶ್ನದ ರಕ್ತನಾಳಗಳು ಹೃದಯದವಕ್ಕಿಂತ ಸಣ್ಣವು, ಹಾಗಾಗಿ ಕೊಬ್ಬು ಕಟ್ಟಿದಾಗ ತೊಂದರೆ ಮೊದಲು ಅಲ್ಲಿ ಕಾಣಬಹುದು, ಎದೆನೋವು ಬರಲು ಎಷ್ಟೋ ವರ್ಷ ಹಿಡಿಯಬಹುದು. ನನಗೆ ಸೂಚನೆ ಸಿಕ್ಕಿದ್ದು 58ಕ್ಕೆ. ಆಗಲೇ ಬಾಯಿ ಬಿಟ್ಟಿದ್ದರೆ ಹೃದಯದ ಪರೀಕ್ಷೆ ಮೂರು ವರ್ಷ ಮೊದಲೇ ಆಗುತ್ತಿತ್ತು.

ಈಗ ಯೂರಾಲಜಿಸ್ಟ್ ಹತ್ತಿರ ಹೋಗುತ್ತಿದ್ದೇನೆ. ಮೊದಲ ದಿನ ಹೆಂಡತಿಯೂ ಬಂದಿದ್ದಳು. ಹತ್ತೇ ನಿಮಿಷದ ಮಾತು, ಅದಕ್ಕೆ ಆರು ವರ್ಷ ಹೆದರಿದ್ದೆ. ಬೆಳಿಗ್ಗೆ ಎಂಟಕ್ಕೆ ರಕ್ತ ತೆಗೆದು ಗಂಡು ಹಾರ್ಮೋನ್ ಟೆಸ್ಟೋಸ್ಟೆರಾನ್ ನೋಡಿದರು, ಸರಿಯಾಗಿಯೇ ಇತ್ತು. ಮೂರು ತಿಂಗಳ ಶುಗರಿನ ಸರಾಸರಿ (HbA1c) 9.2 ಬಂತು, ಅಂದರೆ ಶುಗರ್ ಹತೋಟಿಯಲ್ಲಿರಲಿಲ್ಲ. ಕೆಲವು ಬಿಪಿ ಮಾತ್ರೆಗಳಿಂದಲೂ ನಿಮಿರುವಿಕೆ ಕುಂದಬಹುದು ಅಂತ ನನ್ನ ಚೀಟಿಯನ್ನೆಲ್ಲ ತಿರುವಿ ನೋಡಿದರು. ನೀವಾಗಿಯೇ ಬಿಪಿ ಮಾತ್ರೆ ಬಿಡಬೇಡಿ, ಡಾಕ್ಟರೇ ಬದಲಿಸಲಿ. ನೈಟ್ರೇಟ್ ಇರುವುದರಿಂದ ವಯಾಗ್ರಾ ಜಾತಿಯವು ನನಗೆ ಕೊಡುವಂತಿಲ್ಲ. ಅದಿಲ್ಲದೆಯೂ ದಾರಿ ಇದೆ, ಗಾಳಿ ಎಳೆದು ಶಿಶ್ನಕ್ಕೆ ರಕ್ತ ತುಂಬಿಸುವ ನಿರ್ವಾತ ಪಂಪ್ ಬಳಸುವುದನ್ನು ಹೇಳಿಕೊಟ್ಟಿದ್ದಾರೆ.

ಲೈಂಗಿಕ ಶಕ್ತಿ ಹೆಚ್ಚಿಸುತ್ತೇವೆ ಅಂತ ಔಷಧಿಯ ಜಾಹೀರಾತು ಕೊಡುವುದನ್ನು 1954ರ ಕಾಯ್ದೆಯೇ ನಿಷೇಧಿಸಿದೆ. ಆದರೂ ಕಳೆದ ತಿಂಗಳು ಅದೇ ಲಾಡ್ಜಿನ ಹೆಸರಲ್ಲಿ ಮತ್ತೆ ಜಾಹೀರಾತು ಬಂದಿತ್ತು. ನೀವು ಈಗಾಗಲೇ ಅಂಥ ಪುಡಿ ತೆಗೆದುಕೊಂಡಿದ್ದರೆ ಡಬ್ಬಿ ಎಸೆಯಬೇಡಿ. ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಜೊತೆಗಿಟ್ಟುಕೊಂಡು ಹೋಗಿ, ಮಕ್ಕಳನ್ನು ಎರಡು ನಿಮಿಷ ಹೊರಗೆ ಕೂರಲು ಹೇಳಿ, ಅವರ ಟೇಬಲ್ಲಿನ ಮೇಲಿಡಿ.