ಹಳೇ ಸಬರ್ಬನ್‌ನ ಆಟೋರೈಡ್: ಅದೇ ಹಾಕೋದಾ, ಮಾಮೂಲಿ ಶಾಕ್ ಹಾಕೋದಾ, ಗಾಡಿನೇ ಇಳಿಸಿಬಿಡೋದಾ?

ನಮ್ಮದು 2008ರ ಷೆವ್ರೊಲೆ ಸಬರ್ಬನ್ ಎಲ್‌ಟಿಝಡ್, ದೊಡ್ಡ ಎಸ್‌ಯುವಿ. ಇಲ್ಲಿ ಅಮೆರಿಕದ ಡಾಲಸ್ ಕಡೆ ಇದನ್ನೂ ಟ್ರಕ್ ಅಂತಲೇ ಕರೆಯುತ್ತಾರೆ. ಟ್ರಕ್ ಅಂದರೆ ಹಿಂದೆ 'ಹಾರ್ನ್ ಓಕೆ ಪ್ಲೀಸ್' ಇರಬೇಕು ಅಂದುಕೊಂಡು ಬೆಳೆದ ನನಗೆ ಮೊದಮೊದಲು ನಗು ಬರುತ್ತಿತ್ತು. ಇದರಲ್ಲಿ ಇರೋದು ಆಟೋರೈಡ್ ಅನ್ನೋ, ಕಂಪ್ಯೂಟರ್ ನಡೆಸೋ ಸಸ್ಪೆನ್ಷನ್. ಶಾಕ್ ಅಂದರೆ ಅದರಲ್ಲಿ ಕುಲುಕಾಟ ತಡೆಯೋ ಶಾಕ್ ಅಬ್ಸಾರ್ಬರ್.

ಮೂರು ವರ್ಷದ ಹಿಂದೆ ಗಾಡಿಯ ಹಿಂಭಾಗ ದಿನಾ ಬೆಳಿಗ್ಗೆ ಕುಸಿದು ಕೂತಿರೋಕೆ ಶುರುವಾಯಿತು. ಸ್ಟಾರ್ಟ್ ಮಾಡಿದರೆ ಕೆಳಗಿಂದ ಗುಂಯ್ ಅಂತ ಗಾಳಿ ತುಂಬೋ ಕಂಪ್ರೆಸರ್ ಸದ್ದು, ಹಾಲಿನ ಅಂಗಡಿ ತನಕ ಹೋದರೂ ನಿಲ್ಲುತ್ತಿರಲಿಲ್ಲ. ಆಮೇಲೆ ಡ್ಯಾಶ್‌ಬೋರ್ಡ್‌ನಲ್ಲಿ 'ಸರ್ವೀಸ್ ಸಸ್ಪೆನ್ಷನ್ ಸಿಸ್ಟಂ' ಅನ್ನೋ ಸಂದೇಶ ಬಂತು. 1 ಲಕ್ಷ 60 ಸಾವಿರ ಮೈಲಿ ಓಡಿದ ಗಾಡಿ, ದೂರುವುದಕ್ಕೇನೂ ಇಲ್ಲ.

ಆಟೋರೈಡ್ ಕೆಲಸ ಮಾಡೋದು ಹೀಗೆ. ನಾಲ್ಕೂ ಚಕ್ರದ ಹತ್ತಿರ ಒಂದೊಂದು ಸೆನ್ಸರ್ ಇರುತ್ತದೆ, ಚಕ್ರಕ್ಕೂ ಚಾಸಿಸ್‌ಗೂ ನಡುವಿನ ಎತ್ತರವನ್ನು ಅದು ನೋಡುತ್ತಲೇ ಇರುತ್ತದೆ. ನಾಲ್ಕೂ ಶಾಕ್‌ಗಳಿಗೆ ಕರೆಂಟ್‌ನಲ್ಲಿ ನಡೆಯೋ ವಾಲ್ವ್ ಇದೆ. ರಸ್ತೆ ನೋಡಿ ಕಂಪ್ಯೂಟರ್ ಅದನ್ನು ಗಟ್ಟಿ ಅಥವಾ ಮೆತ್ತಗೆ ಮಾಡುತ್ತದೆ. ಹಿಂದಿನ ಎರಡಕ್ಕೆ ಮಾತ್ರ ಗಾಳಿ ಚೀಲವೂ ಇದೆ. ಭಾರ ಹಾಕಿದರೆ ಕಂಪ್ರೆಸರ್ ಗಾಳಿ ತುಂಬಿ ಎತ್ತುತ್ತದೆ, ಭಾರ ಇಳಿಸಿದರೆ ಗಾಳಿ ಬಿಡುತ್ತದೆ. ಅದೇ ಕಾಲದ ಕೆಲವು ಕ್ಯಾಡಿಲಾಕ್ ಎಸ್ಕಲೇಡ್‌ಗಳಲ್ಲಿ ಬರೋದು ಬೇರೆ ಥರದ್ದು, ಕಬ್ಬಿಣದ ಕಣ ಬೆರೆಸಿದ ಎಣ್ಣೆ ಆಯಸ್ಕಾಂತಕ್ಕೆ ಗಟ್ಟಿಯಾಗೋ ಅಂಥದ್ದು. ಆ ಶಾಕ್ ಅಗ್ಗಕ್ಕೆ ಸಿಕ್ಕಿತು ಅಂತ ಇದಕ್ಕೆ ತರಬೇಡಿ.

ಮೊದಲು ಸೋಪಿನ ನೀರು ಹಚ್ಚಿ ನೋಡಿದೆ. ಪಾತ್ರೆ ತೊಳೆಯೋ ಸೋಪನ್ನೇ ಕದಡಿ, ಹಳೇ ಟೂತ್ ಬ್ರಷ್‌ನಲ್ಲಿ ಗಾಳಿ ಪೈಪಿನ ಕೊನೆಗೂ ರಬ್ಬರ್ ಚೀಲಕ್ಕೂ ಬಳಿದೆ. ಎಡಗಡೆ ಶಾಕ್‌ನ ರಬ್ಬರ್ ಮಡಿಕೆಯಲ್ಲಿ ಇಡ್ಲಿ ಹಿಟ್ಟು ಉಬ್ಬುವಾಗ ಬರುತ್ತಲ್ಲ, ಹಾಗೆ ಸಣ್ಣ ಸಣ್ಣ ಗುಳ್ಳೆ. ಈ ಪರೀಕ್ಷೆ ಮಾಡದೆ ನೇರ ಕಂಪ್ರೆಸರ್ ಬದಲಾಯಿಸೋರು ಜಾಸ್ತಿ. ಸೋರಿಕೆ ಅಲ್ಲೇ ಉಳಿದರೆ ಹೊಸ ಕಂಪ್ರೆಸರ್ ಕೂಡ ಬಿಡುವಿಲ್ಲದೆ ಓಡಿ ಸುಟ್ಟುಹೋಗುತ್ತದೆ.

ಅಲ್ಲಿಂದ ಶುರುವಾಯಿತು ನನ್ನ ಪ್ರಯೋಗ. ಜಿಪುಣತನ ಮಾಡಿ ಆನ್‌ಲೈನ್‌ನಲ್ಲಿ ಒಂದು ಸೋವಿ ಜೋಡಿ ತರಿಸಿದೆ. ನೋಡೋಕೆ ಥೇಟ್ ಒರಿಜಿನಲ್. ಹನ್ನೊಂದು ತಿಂಗಳಿಗೆ ಅದೂ ಸೋರಿತು. ಆಮೇಲೆ ತೆಪ್ಪಗೆ ಕಂಪನಿಯ ಒರಿಜಿನಲ್ ಜೋಡಿ ಹಾಕಿಸಿದೆ, ಹಿಂದಿನ ಎರಡಕ್ಕೇ ಸುಮಾರು 700 ಡಾಲರ್. ಕೆಲಸ ಏನೂ ಕಷ್ಟವಿಲ್ಲ. ಮೇಲೊಂದು ಬೋಲ್ಟ್, ಕೆಳಗೊಂದು ಬೋಲ್ಟ್, ಒಂದು ಗಾಳಿ ಪೈಪು, ಒಂದು ವೈರು. ಆದರೆ ಓಡಿಸಿದಾಗ ಗೊತ್ತಾಯಿತು ನೋಡಿ ದುಡ್ಡು ಎಲ್ಲಿಗೆ ಹೋಯಿತು ಅಂತ. ಇಲ್ಲಿನ ಕಾಂಕ್ರೀಟ್ ಹೆದ್ದಾರಿಯಲ್ಲಿ ಜೋಡಣೆ ಜೋಡಣೆಗೂ ಟಕ್ ಟಕ್ ಅನ್ನುತ್ತಿದ್ದದ್ದು ಒಳಗೆ ಕೇಳಿಸದಷ್ಟು ತಗ್ಗಿತು. ಯುಗಾದಿ ಊಟಕ್ಕೆ ಹಿಂದೆ ಮೂರು ದೊಡ್ಡ ಪಾತ್ರೆ ಬಿಸಿಬೇಳೆಬಾತ್, ಒಂದು ಕೂಲರ್ ತುಂಬ ಮೊಸರು, ಮೂರನೇ ಸೀಟಿನಲ್ಲಿ ಮಕ್ಕಳು. ಗಾಡಿ ಕೂತಿತು, ಗುಂಯ್ ಅಂತು, ಒಂದೆರಡು ನಿಮಿಷದಲ್ಲಿ ಎದ್ದು ಸಮಕ್ಕೆ ನಿಂತಿತು. ಈ ಒಂದು ಗುಣಕ್ಕೆ ನಾನು ಮನಸೋತಿದ್ದೇನೆ.

ಅಷ್ಟರಲ್ಲಿ ಮುಂದಿನ ಶಾಕ್‌ಗಳೂ ಎಣ್ಣೆ ಬಿಟ್ಟವು. ಮತ್ತೆ ಅಷ್ಟೇ ದುಡ್ಡು ಸುರಿಯೋಕೆ ಮನಸ್ಸಾಗಲಿಲ್ಲ, ಈ ಜಂಜಾಟವೇ ಬೇಡ ಅಂತ ನಾಲ್ಕಕ್ಕೂ ಬಿಲ್‌ಸ್ಟೀನ್ 4600 ಅನ್ನೋ ಮಾಮೂಲಿ ಶಾಕ್ ಹಾಕಿದೆ. ಒರಿಜಿನಲ್ ಹಿಂದಿನ ಜೋಡಿಯನ್ನು ಬಟ್ಟೆ ಸುತ್ತಿ ಗ್ಯಾರೇಜಿನ ಅಟ್ಟದ ಮೇಲಿಟ್ಟೆ. ಮುಂದಿನದ್ದು ಹಿಂದಿನಷ್ಟು ಸುಲಭವಲ್ಲ. ಸ್ಪ್ರಿಂಗ್ ಒಳಗೆ ಶಾಕ್ ಕೂತಿರುತ್ತದೆ, ಮೇಲೆ ಮೂರು ನಟ್, ಕೆಳಗೆ ಎರಡು ಬೋಲ್ಟ್ ಬಿಚ್ಚಿ ಇಡಿಯಾಗಿ ಈಚೆ ತೆಗೆದು, ಸ್ಪ್ರಿಂಗನ್ನು ಒತ್ತಿ ಹಿಡಿದು ಬಿಚ್ಚಬೇಕು. ಒತ್ತಿದ ಸ್ಪ್ರಿಂಗ್ ಜಾರಿದರೆ ಕೈಯಲ್ಲ, ತಲೆಯೇ ಹೋಗುತ್ತದೆ. ಅದೊಂದನ್ನು ನಾನು ಗ್ಯಾರೇಜಿಗೆ ಕೊಟ್ಟೆ.

ಮಾಮೂಲಿ ಶಾಕ್‌ನಲ್ಲಿ ವೈರ್ ಇಲ್ಲ, ಹಾಗಾಗಿ ಕಂಪ್ಯೂಟರ್ ಹುಡುಕಾಡಿ ಅದೇ ಸಂದೇಶ ತೋರಿಸುತ್ತದೆ. ಅದಕ್ಕೆ ಪ್ರತಿ ಕನೆಕ್ಟರ್‌ಗೂ ಕರೆಂಟ್ ತಡೆಯೋ ಒಂದು ರೆಸಿಸ್ಟರ್ ಸಿಗಿಸಬೇಕು. ವಾಲ್ವ್ ಇನ್ನೂ ಅಲ್ಲೇ ಇದೆ ಅಂತ ಕಂಪ್ಯೂಟರ್ ನಂಬುತ್ತದೆ. ರೆಸಿಸ್ಟರ್ ಬಿಸಿಯಾಗುತ್ತದೆ, ವೈರಿನ ಕಟ್ಟಿಗೆ ತಾಗಿಸಿ ಟೇಪ್ ಸುತ್ತಬೇಡಿ, ಚಾಸಿಸ್‌ನ ಕಬ್ಬಿಣಕ್ಕೆ ಕೂರಿಸಿ. ಗಾಳಿ ಶಾಕ್ ತೆಗೆದ ಮೇಲೆ ಕಂಪ್ರೆಸರ್‌ಗೆ ಕರೆಂಟ್ ಹೋಗದಂತೆಯೂ ಮಾಡಬೇಕು, ಇಲ್ಲವಾದರೆ ಬಾಯಿ ತೆರೆದ ಪೈಪಿಗೆ ಸುಮ್ನೆ ಊದುತ್ತಾ ಇರುತ್ತದೆ.

ಓಡಿಸೋಕೆ ಹೇಗಿತ್ತು? ಒಬ್ಬನೇ ಹೋಗುವಾಗ ನನಗೆ ತುಂಬ ಇಷ್ಟವಾಯಿತು. ತಿರುವಿನಲ್ಲಿ ಹಡಗಿನ ಹಾಗೆ ವಾಲೋದು ನಿಂತಿತು, ಸ್ಟೀರಿಂಗ್‌ಗೆ ಒಂದು ಹಿಡಿತ ಬಂತು. ಸಣ್ಣ ಹಳ್ಳಗಳು ಮಾತ್ರ ಮೊದಲಿಗಿಂತ ಸ್ವಲ್ಪ ಜಾಸ್ತಿ ಗೊತ್ತಾಗುತ್ತಿದ್ದವು. ಆದರೆ ಅದೇ ಮೂರು ಪಾತ್ರೆ ಹಾಕಿದ ದಿನ ಹಿಂಭಾಗ ಕೂತದ್ದು ಕೂತೇ ಇತ್ತು, ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯಿತು, ದಾರಿಯುದ್ದಕ್ಕೂ ಅವರು ಲೈಟ್ ಮಿನುಗಿಸಿದರು, ನಾನು ಬೈಸಿಕೊಂಡೆ. ಹಿಂದಿನ ಸ್ಪ್ರಿಂಗ್ ಒಳಗೆ ತೂರಿಸೋ ಗಾಳಿ ಬ್ಯಾಗ್ ಸಿಗುತ್ತದೆ, ಟೈರಿಗೆ ಹೊಡೆಯೋ ಹಾಗೆ ಗಾಳಿ ಹೊಡೆಯಬಹುದು. ತಿಂಗಳಿಗೊಮ್ಮೆ ಭಾರ ಹಾಕೋರಿಗೆ ಅದೇ ಸಾಕು. ವಾರ ವಾರ ಪಂಪ್ ಹಿಡಿದು ಬಗ್ಗೋ ತಾಳ್ಮೆ ನನಗಿಲ್ಲ.

ಇನ್ನು ಮೂರನೇ ದಾರಿ, ಇಳಿಸೋದು, ಅಂದರೆ ಗಿಡ್ಡ ಸ್ಪ್ರಿಂಗ್ ಹಾಕಿ ಗಾಡಿಯ ಎತ್ತರ ತಗ್ಗಿಸೋದು. ಇದು ನನ್ನ ಭಾವನ ಗಾಡಿ, 2009ರ ಜಿಎಂಸಿ ಯೂಕಾನ್ ಡೆನಾಲಿ, ಅದಕ್ಕೂ ಆಟೋರೈಡೇ. ಮುಂದೆ 2 ಇಂಚು, ಹಿಂದೆ 3 ಇಂಚು ಇಳಿಸಿದೆವು. ಭಾವ ಊರಿಗೆ ಹೋದಾಗ ಎರಡು ವಾರ ನಾನೇ ಓಡಿಸಿದೆ.

ಕೆಲಸ ಮುಗಿಸಿದ ಸಂಜೆ ಸ್ಟಾರ್ಟ್ ಮಾಡಿದರೆ ಗಾಡಿಯ ಹಿಂಭಾಗ ನಿಧಾನಕ್ಕೆ ಮೇಲೇಳೋಕೆ ಶುರು. ನಾವಿಬ್ಬರೂ ಬಾಯಿ ಬಿಟ್ಟುಕೊಂಡು ನೋಡುತ್ತಾ ನಿಂತೆವು.

"ಏನ್ ಭಾವ, ಕಂಪ್ರೆಸರ್ ನಿಲ್ಲೋದೇ ಇಲ್ವಲ್ಲ?"

"ನಾವು ಇಳಿಸಿದ್ದು ಅದಕ್ಕೆ ಗೊತ್ತಿಲ್ಲ ಕಣೋ. ಹಿಂದೆ ಯಾರೋ ಹತ್ತಿ ಕೂತಿದ್ದಾರೆ ಅಂದ್ಕೊಂಡಿದೆ."

ಸಮಸ್ಯೆ ಅಷ್ಟೇ. ಸ್ಪ್ರಿಂಗ್ ಗಿಡ್ಡ ಮಾಡಿದರೆ ಸೆನ್ಸರ್‌ಗೆ ಅದು ಭಾರದ ಹಾಗೇ ಕಾಣುತ್ತದೆ. ಶಾಕ್‌ಗೆ ಗಾಳಿ ತುಂಬಿ ಹಳೇ ಎತ್ತರಕ್ಕೆ ತರೋಕೆ ನೋಡುತ್ತದೆ, ಶಾಕ್ ಕಲ್ಲಿನ ಹಾಗಾಗುತ್ತದೆ, ಕಂಪ್ರೆಸರ್ ಬಳಲುತ್ತದೆ. ಸೆನ್ಸರ್‌ನ ಸಣ್ಣ ಕಡ್ಡಿಯನ್ನು ಗಿಡ್ಡ ಮಾಡಬೇಕು. ಎರಡೂ ಕಡೆ ತಿರುಪು ಇರೋ ಕಡ್ಡಿ ತಂದು, ಗಾಡಿ ಸಮನೆಲದಲ್ಲಿ ನಿಂತಾಗ ಸೆನ್ಸರ್‌ನ ತೋಳು ಮೊದಲು ಎಲ್ಲಿತ್ತೋ ಅಲ್ಲಿಗೇ ಬರೋ ಹಾಗೆ ತಿರುಗಿಸಿದೆವು. ಇಳಿಸೋಕೆ ಮುಂಚೆ ಅದರ ಫೋಟೋ ತೆಗೆದಿಟ್ಟಿದ್ದರಿಂದ ಬಚಾವ್. ಇಲ್ಲದಿದ್ದರೆ ಅಂದಾಜಿನಲ್ಲೇ ಒದ್ದಾಡಬೇಕಿತ್ತು.

ಅಷ್ಟಕ್ಕೇ ಮುಗಿಯಲಿಲ್ಲ. ಹಿಂದಿನ ಆ್ಯಕ್ಸಲ್ ಸ್ವಲ್ಪ ಒಂದು ಪಕ್ಕಕ್ಕೆ ಸರಿಯಿತು, ಅದನ್ನು ಅಡ್ಡ ಹಿಡಿದಿರೋ ರಾಡನ್ನು ಉದ್ದ ಹೊಂದಿಸಬಹುದಾದ ಥರದ್ದಕ್ಕೆ ಬದಲಾಯಿಸಬೇಕಾಯಿತು. ಆ್ಯಕ್ಸಲ್ ಚಾಸಿಸ್‌ಗೆ ಬಡಿಯದಂತೆ ತಡೆಯೋ ರಬ್ಬರ್ ಬಂಪ್ ಸ್ಟಾಪ್ ಕತ್ತರಿಸಬೇಕಾಯಿತು. ಚಕ್ರಗಳ ಅಲೈನ್‌ಮೆಂಟ್ ಅಂತೂ ಬಿಡೋ ಹಾಗೇ ಇಲ್ಲ, ಬಿಟ್ಟರೆ ಟೈರಿನ ಒಳಗಿನ ಅಂಚು ಸವೆದುಹೋಗುತ್ತದೆ. ಭಾವನಿಗೆ ಗಾಡಿ ನೋಡಿದಾಗಲೆಲ್ಲ ಖುಷಿ, ನನಗೆ ಇಳಿಜಾರಿನ ಡ್ರೈವ್‌ವೇ ಕಂಡಾಗಲೆಲ್ಲ ಭಯ. ಹಿಂದೆ ಟ್ರೇಲರ್ ಸಿಗಿಸೋ ಹಿಚ್ ಎರಡು ಸಲ ನೆಲಕ್ಕೆ ಗೀರಿತು. ತಿರುವಿನಲ್ಲಿ ಮಾತ್ರ ಮೂರರಲ್ಲಿ ಇದೇ ಚೆಂದ, ಅದನ್ನು ಒಪ್ಪಬೇಕು.

ಕೊನೆಗೆ ನನ್ನ ಗಾಡಿ ಈಗ ಹೀಗಿದೆ: ಮುಂದೆ ಬಿಲ್‌ಸ್ಟೀನ್ ಮತ್ತು ರೆಸಿಸ್ಟರ್, ಹಿಂದೆ ಅಟ್ಟದಿಂದ ಇಳಿಸಿದ ಅದೇ ಒರಿಜಿನಲ್ ಗಾಳಿ ಶಾಕ್. ಒಂದೂವರೆ ವರ್ಷವಾಯಿತು, ಡ್ಯಾಶ್‌ಬೋರ್ಡ್ ಸುಮ್ಮನಿದೆ. ನಿಮ್ಮ ಗಾಡಿಯಲ್ಲಿ ಯಾವಾಗಲೂ ಇಬ್ಬರೇ ಓಡಾಡೋದಾದರೆ ನಾಲ್ಕೂ ಮಾಮೂಲಿ ಹಾಕಿ ಆರಾಮಾಗಿರಿ, ದುಡ್ಡೂ ಉಳಿಯುತ್ತದೆ. ಹಿಂದೆ ಜನ, ಸಾಮಾನು, ಟ್ರೇಲರ್ ಇದ್ದರೆ ಹಿಂದಿನ ಗಾಳಿ ಶಾಕ್‌ನ್ನು ಮಾತ್ರ ಕೈಬಿಡಬೇಡಿ. ಇಳಿಸೋದು ಚಂದಕ್ಕೆ, ಸರಿ, ಆದರೆ ಕಡ್ಡಿ, ರಾಡು, ಅಲೈನ್‌ಮೆಂಟ್ ಎಲ್ಲದರ ಲೆಕ್ಕ ಮೊದಲೇ ಹಾಕಿಕೊಳ್ಳಿ. ನಮಗೆ ಸ್ಪ್ರಿಂಗ್‌ಗಿಂತ ಜಾಸ್ತಿ ಖರ್ಚಾಗಿದ್ದೇ ಅದಕ್ಕೆ.

ಒಂದು ವಿಷಯದಲ್ಲಿ ಭಾವ ಗೆದ್ದ. ಈ ಬೇಸಿಗೆಯಲ್ಲಿ ದಾವಣಗೆರೆಯಿಂದ ಅಮ್ಮ ಬಂದಿದ್ದರು. ಭಾವನ ಯೂಕಾನ್‌ಗೆ ಸೀರೆ ನೆರಿಗೆ ಒಂದು ಕೈಯಲ್ಲಿ ಹಿಡಿದು ತಾವೇ ಹತ್ತಿದರು. ನಮ್ಮ ಸಬರ್ಬನ್ ಹತ್ತಿರ ಬಂದು ಒಮ್ಮೆ ಮೇಲೆ ನೋಡಿ, "ಇದಕ್ಕೆ ಏಣಿ ಎಲ್ಲಪ್ಪಾ?" ಅಂದರು. ಈಗ ಹಿಂದಿನ ಸೀಟಿನ ಕೆಳಗೆ ಒಂದು ಪ್ಲಾಸ್ಟಿಕ್ ಸ್ಟೂಲ್ ಇದೆ, 12 ಡಾಲರ್. ಅಮ್ಮ ವಾಪಸ್ ಹೋದ ಮೇಲೂ ತೆಗೆದಿಲ್ಲ, ಹಳ್ಳ ಬಂದಾಗಲೆಲ್ಲ ಕಟಕಟ ಅನ್ನುತ್ತಿರುತ್ತದೆ.