ಕರಾರಿಗೆ ಸಹಿ ಬಿದ್ದ ಮೇಲೆ: ಮೂರು ಸಂಗೀತ ಅನಿಮೆಗಳ ಹೋಲಿಕೆ

ಸಂಗೀತವನ್ನೇ ನಂಬಿ ಊರು ಬಿಟ್ಟ ಹುಡುಗಿಯರ ಕಥೆ ಹೇಳುವ ‘ನಾನಾ’, ‘ಕ್ಯಾರಲ್ ಅಂಡ್ ಟ್ಯೂಸ್‌ಡೇ’ ಮತ್ತು ‘ಗರ್ಲ್ಸ್ ಬ್ಯಾಂಡ್ ಕ್ರೈ’ ಎಂಬ ಮೂರು ಜಪಾನೀ ಅನಿಮೆ (ಅನಿಮೇಷನ್) ಸರಣಿಗಳನ್ನು ಈ ಮಳೆಗಾಲದಲ್ಲಿ ಒಂದರ ಹಿಂದೆ ಒಂದರಂತೆ ಪೂರ್ತಿಯಾಗಿ ನೋಡಿದೆ. ಹಿಂದೆ ಕೆಲವು ವರ್ಷ ಆರ್ಕೆಸ್ಟ್ರಾ ತಂಡವೊಂದರಲ್ಲಿ ಕೀಬೋರ್ಡ್ ನುಡಿಸುತ್ತಿದ್ದ ನನಗೆ ವೇದಿಕೆಯ ಬೆಳಕಿಗಿಂತ ಅದರ ಹಿಂದಿನ ಲೆಕ್ಕಾಚಾರದ ಮೇಲೆಯೇ ಕಣ್ಣು ಹೋಗುತ್ತದೆ; ಆದ್ದರಿಂದ ಕಂಪನಿಯ ಕರಾರಿಗೆ ಸಹಿ ಬಿದ್ದ ಮೇಲೆ ಹಾಡಿಗೂ ಹಾಡುವವರಿಗೂ ಏನಾಗುತ್ತದೆ ಎಂಬ ಒಂದೇ ಪ್ರಶ್ನೆಯನ್ನು ಮೂರಕ್ಕೂ ಇಟ್ಟುಕೊಂಡೆ.

ಕಿವಿಗೆ ಅತ್ಯಂತ ಹಿತವಾದದ್ದು 2019ರ ‘ಕ್ಯಾರಲ್ ಅಂಡ್ ಟ್ಯೂಸ್‌ಡೇ’. ಶಿನಿಚಿರೊ ವತನಾಬೆ ಅವರ ಮೇಲ್ವಿಚಾರಣೆಯ ಈ 24 ಕಂತುಗಳ ಕಥೆ ಮಂಗಳ ಗ್ರಹದಲ್ಲಿ ನಡೆಯುತ್ತದೆ. ಅಲ್ಲಿ ಹೆಚ್ಚುಕಡಿಮೆ ಎಲ್ಲ ಹಾಡುಗಳನ್ನೂ ಕೃತಕ ಬುದ್ಧಿಮತ್ತೆಯೇ ಕಟ್ಟುತ್ತಿರುವಾಗ ಇಬ್ಬರು ಹುಡುಗಿಯರು ಗಿಟಾರ್ ಮತ್ತು ಕೀಬೋರ್ಡ್ ಹಿಡಿದು ತಮ್ಮ ಹಾಡನ್ನು ತಾವೇ ಬರೆಯುತ್ತಾರೆ. ಹಾಡುಗಳು ನಿಜಕ್ಕೂ ಸೊಗಸಾಗಿವೆ. ಆದರೆ ಪ್ರತಿ ತೊಡಕಿನಲ್ಲೂ ಯಾರಾದರೊಬ್ಬ ಸಹೃದಯರು ನೆರವಿಗೆ ಒದಗುವುದರಿಂದ ನನ್ನ ಪ್ರಶ್ನೆಗೆ ಇಲ್ಲಿ ಗಟ್ಟಿಯಾದ ಉತ್ತರ ಸಿಗಲಿಲ್ಲ.

ತೋಯಿ ಸಂಸ್ಥೆಯು 2024ರಲ್ಲಿ ತಂದ 13 ಕಂತುಗಳ ‘ಗರ್ಲ್ಸ್ ಬ್ಯಾಂಡ್ ಕ್ರೈ’ ಆ ಉತ್ತರವನ್ನು ನೇರವಾಗಿಯೇ ಕೊಡುತ್ತದೆ. ಶಾಲೆ ಬಿಟ್ಟು ಕುಮಾಮೊಟೊದಿಂದ ಕವಾಸಾಕಿಗೆ ಬಂದ ನೀನಾ, ತಾನು ಆರಾಧಿಸುವ ಗಾಯಕಿ ಮೊಮೊಕಾಳನ್ನು ಭೇಟಿಯಾಗುವ ಹೊತ್ತಿಗೆ ಮೊಮೊಕಾ ತನ್ನ ಹಳೆಯ ತಂಡವನ್ನು ತೊರೆದಾಗಿರುತ್ತದೆ. ಇವರು ಕಟ್ಟುವ ತಂಡದಲ್ಲಿ ರೂಪಾ ಎಂಬ ಅರೆನೇಪಾಳಿ ಹುಡುಗಿಯೂ ಇದ್ದಾಳೆ. ಪರಿಚಿತವಾದ ಆ ಹೆಸರು ಕಿವಿಗೆ ಬಿದ್ದಾಗ ನನಗೆ ಹಿಗ್ಗಾಯಿತು. ಮೂರು ಆಯಾಮದ ಕಂಪ್ಯೂಟರ್ ಚಿತ್ರಣಕ್ಕೆ ಒಗ್ಗಿಕೊಳ್ಳಲು ನನಗೆ ಎರಡು ಕಂತು ಬೇಕಾದವಾದರೂ, ಪಾತ್ರಗಳಿಗೆ ಧ್ವನಿ ಕೊಟ್ಟ ಐವರೇ ಕಥೆಯೊಳಗಿನ ತಂಡದ ಹೆಸರಿನಲ್ಲೇ ನಿಜವಾದ ಬ್ಯಾಂಡ್ ಆಗಿ ನುಡಿಸಿರುವುದರಿಂದ ವಾದನದ ದೃಶ್ಯಗಳಲ್ಲಿ ಹುಸಿತನ ಕಾಣುವುದಿಲ್ಲ. ಕರಾರಿನ ಬಳಿಕ ಹೊರಬಂದ ಹಾಡಿಗೆ ಕೇಳುಗರು ಸಿಗದಿದ್ದಾಗ ಈ ತಂಡವು ಹಾಡನ್ನು ಬದಲಿಸದೆ ಸಂಸ್ಥೆಯನ್ನೇ ಬಿಟ್ಟು ಹೊರಡುತ್ತದೆ. ಇಷ್ಟು ದೊಡ್ಡ ನಿರ್ಧಾರವನ್ನು ಕೊನೆಯ ಕೆಲವೇ ಕಂತುಗಳಿಗೆ ತುರುಕಿರುವುದು ಇದರ ದೊಡ್ಡ ಕೊರತೆ.

‘ನಾನಾ’ ಅವಸರಪಡುವುದೇ ಇಲ್ಲ. ಆಯ್ ಯಜಾವಾ ಅವರ ಮಾಂಗಾವನ್ನು (ಜಪಾನೀ ಚಿತ್ರಕಥಾ ಮಾಲೆಯನ್ನು) ಆಧರಿಸಿ ಮ್ಯಾಡ್‌ಹೌಸ್ ಸಂಸ್ಥೆ 2006–07ರಲ್ಲಿ ನಿರ್ಮಿಸಿದ ಇದರ 47 ಕಂತುಗಳಲ್ಲಿ ಸಂಗೀತಕ್ಕಿಂತ ಪ್ರೇಮ, ಬಾಡಿಗೆ, ಸಂಬಳ, ಮುನಿಸುಗಳೇ ಹೆಚ್ಚು ಜಾಗ ಪಡೆಯುತ್ತವೆ. ನಡುವೆ ಒಮ್ಮೆ ಬೇಸತ್ತು ಎರಡು ವಾರ ನೋಡುವುದನ್ನೇ ನಿಲ್ಲಿಸಿದ್ದೆ. ಮತ್ತೆ ಕುಳಿತಾಗ ಆ ನಿಧಾನದ ಕಾರಣ ತಿಳಿಯಿತು. ಟೋಕಿಯೊಗೆ ಹೊರಟ ರೈಲಿನಲ್ಲಿ ಭೇಟಿಯಾದ ನಾನಾ ಎಂಬ ಒಂದೇ ಹೆಸರಿನ ಇಬ್ಬರು ಯುವತಿಯರು ಹಂಚಿಕೊಳ್ಳುವ 707ನೆಯ ಸಂಖ್ಯೆಯ ಮನೆಯನ್ನು ನಾವು ಅಷ್ಟು ಹೊತ್ತು ನಮ್ಮದೆಂಬಂತೆ ಬಾಳಿರುವುದರಿಂದಲೇ, ಪತ್ರಿಕೆಯೊಂದು ಅವರಲ್ಲಿ ಬ್ಯಾಂಡಿನ ಗಾಯಕಿಯಾದ ನಾನಾಳ ಖಾಸಗಿ ಬದುಕನ್ನು ಬಯಲಿಗೆಳೆದಾಗ ಕಂಪನಿಯು ಆ ಗದ್ದಲವನ್ನೇ ಪ್ರಚಾರವಾಗಿ ಬಳಸಿಕೊಂಡು ಬ್ಯಾಂಡಿನ ಮೊದಲ ಹಾಡನ್ನು ಆತುರದಿಂದ ಹೊರತರುವುದೂ, ಆ ಮನೆ ಬರಿದಾಗುವುದೂ ನಮ್ಮನ್ನು ಅಷ್ಟು ಆಳವಾಗಿ ತಟ್ಟುತ್ತವೆ. ನಾನಾಳ ಹಾಡುಗಳಿಗೆ ಆನ್ನಾ ತ್ಸುಚಿಯಾ ಕೊಟ್ಟ ಒರಟು ಕಂಠವೂ ಎದುರಾಳಿ ತಂಡದ ರೇರಾಳಿಗೆ ಒಲಿವಿಯಾ ಕೊಟ್ಟ ತೇಲುವ ಕಂಠವೂ ಎರಡು ತಂಡಗಳ ಸ್ವಭಾವವನ್ನು ಮಾತಿಲ್ಲದೆಯೇ ಬೇರ್ಪಡಿಸುತ್ತವೆ.

ಸಮಯ ಕಡಿಮೆಯಿರುವವರು ‘ಗರ್ಲ್ಸ್ ಬ್ಯಾಂಡ್ ಕ್ರೈ’ ನೋಡಲಿ. ಮನೆಮಂದಿಯೊಂದಿಗೆ ಕುಳಿತು ಹಾಡು ಕೇಳಬೇಕೆನ್ನುವವರಿಗೆ ‘ಕ್ಯಾರಲ್ ಅಂಡ್ ಟ್ಯೂಸ್‌ಡೇ’ ಸಾಕು. ನನ್ನ ಆಯ್ಕೆ ಮಾತ್ರ ‘ನಾನಾ’. ಯಜಾವಾ ಅವರ ಅನಾರೋಗ್ಯದಿಂದಾಗಿ 2009ರಲ್ಲಿ ಮೂಲ ಮಾಂಗಾ ನಿಂತುಹೋಗಿ ಕಥೆ ಇಂದಿಗೂ ಮುಗಿದಿಲ್ಲ. ಆದರೂ ವರ್ಷಗಳ ಬಳಿಕ ಅದೇ 707ನೆಯ ಮನೆಯಲ್ಲಿ ಸೇರಿದ ಗೆಳೆಯರು ನಾನಾಳ ದಾರಿ ಕಾಯುವ ಅನಿಮೆಯ ಕೊನೆಯ ಕಂತನ್ನು ನಾನು ಈಗಾಗಲೇ ಮೂರು ಬಾರಿ ನೋಡಿದ್ದೇನೆ.